ಲಾಠಿ ಸಾಕು, ಪತ್ತೆಯ ವಿದ್ಯೆ ಕಲಿಸಿ

ಊರಿನಲ್ಲಿ ಒಂದು ಕೊಲೆಯಾದರೆ ಮೂರು ದಿನ ಒಂದೇ ಕೂಗು: ಕಾನೂನು ಬಿಗಿಯಾಗಬೇಕು, ಗಲ್ಲಿಗೇರಿಸಬೇಕು, ಪೋಲೀಸರಿಗೆ ಇನ್ನಷ್ಟು ಅಧಿಕಾರ ಕೊಡಬೇಕು. ನಾಲ್ಕನೆಯ ದಿನ ಕೂಗು ಅಡಗುತ್ತದೆ. ಕೊಂದವನು ಯಾರೆಂಬುದು ಎಷ್ಟೋ ಸಲ ಆಗಲೂ ಗೊತ್ತಾಗಿರುವುದಿಲ್ಲ.

ನಾವು ಹೇಳುವುದು ಬೇರೆ. ಕತ್ತಿ ಹಿಡಿದವನು ಶಿಕ್ಷೆಯ ಕ್ರೌರ್ಯಕ್ಕೆ ಹೆದರುವುದಕ್ಕಿಂತ ಸಿಕ್ಕಿಬೀಳುವ ಖಾತ್ರಿಗೆ ಹೆಚ್ಚು ಹೆದರುತ್ತಾನೆ. ಇಟಲಿಯ ಬೆಕಾರಿಯಾ ಎಂಬ ವಿಚಾರವಂತ 1764ರಲ್ಲೇ ಇದನ್ನು ವಾದಿಸಿದ್ದ. ಆ ಖಾತ್ರಿಯನ್ನು ಹುಟ್ಟಿಸಬಲ್ಲವನು ಪತ್ತೆಯ ವಿದ್ಯೆ ಬಲ್ಲ ಪೋಲೀಸಿನವನು. ಅದು ಹುಟ್ಟಿನಿಂದ ಬರುವ ಜಾಣತನವಲ್ಲ, ಕಲಿತು ಬರುವ ಕಸುಬು.

ಮಗ್ಗದ ಮುಂದೆ ಹೊಸಬನನ್ನು ಮೊದಲ ದಿನವೇ ಒಬ್ಬನನ್ನೇ ನಿಲ್ಲಿಸುವುದುಂಟೆ? ಬಲ್ಲವರ ಪಕ್ಕದಲ್ಲಿ ತಿಂಗಳುಗಟ್ಟಲೆ ನಿಂತು ಕೈ ಪಳಗಿದ ಮೇಲೆಯೇ ಅವನಿಗೆ ಮಗ್ಗ ಒಪ್ಪಿಸುತ್ತಾರೆ. ಆದರೆ ಕೊಲೆಯ ತನಿಖೆಯನ್ನು ನಾವು ಯಾರಿಗೆ ಒಪ್ಪಿಸುತ್ತೇವೆ? ಮೈಸೂರಿನ ಪೋಲೀಸು ಅಕಾಡೆಮಿಯಲ್ಲಿ ಪಾಠ ಮುಗಿಸಿ ಠಾಣೆಗೆ ಬಂದ ತರುಣ ಸಬ್ ಇನ್ಸ್‌ಪೆಕ್ಟರನು ಬೆಳಿಗ್ಗೆ ಮಂತ್ರಿಗಳ ಬಂದೋಬಸ್ತಿಗೆ, ಮಧ್ಯಾಹ್ನ ಜಾತ್ರೆಗೆ, ಸಂಜೆ ಬೀದಿ ಜಗಳಕ್ಕೆ ಓಡಬೇಕು. ಉಳಿದ ಹೊತ್ತಿನಲ್ಲಿ ಕೊಲೆಗಾರನನ್ನು ಹಿಡಿಯಬೇಕು! ಅವನು ಸ್ಥಳಕ್ಕೆ ಬರುವ ಮುಂಚೆಯೇ ನೂರು ಜನ ರಕ್ತದ ಕಲೆಯನ್ನೂ ಹೆಜ್ಜೆಯ ಗುರುತನ್ನೂ ತುಳಿದಿರುತ್ತಾರೆ. ಮೊದಲು ಮುಟ್ಟುವ ಕಾನ್ಸ್‌ಟೇಬಲಿಗೆ ಏನನ್ನು ಮುಟ್ಟಬಾರದು, ಯಾವುದನ್ನು ಹೇಗೆ ಕಟ್ಟಿಡಬೇಕು ಎಂದು ಕೈಹಿಡಿದು ತೋರಿಸಿದವರಿಲ್ಲ.

ಮಹಜರಿನ ಸಂಗತಿ ನಮ್ಮ ಅಂಗಡಿಕಾರ ಬಂಧುಗಳಿಗೆ ಚೆನ್ನಾಗಿ ಗೊತ್ತು. ಬೀದಿಯಲ್ಲಿ ಏನಾದರೂ ನಡೆದರೆ ಹತ್ತಿರದ ಅಂಗಡಿಯವನನ್ನು ಕರೆದು ಪಂಚನೆಂದು ಸಹಿ ಹಾಕಿಸುತ್ತಾರೆ. ಬರೆದದ್ದನ್ನು ಅವನು ಓದಿರುವುದಿಲ್ಲ, ಸಾಮಾನು ಸಿಕ್ಕಿದ್ದನ್ನು ನೋಡಿರುವುದೂ ಇಲ್ಲ. ವರ್ಷಗಳ ಮೇಲೆ ಸಾಕ್ಷಿ ಕಟ್ಟೆಯಲ್ಲಿ ವಕೀಲರು ಕೇಳಿದಾಗ ನಿಜ ಹೇಳುತ್ತಾನೆ, ಕೇಸು ಬಿದ್ದುಹೋಗುತ್ತದೆ. ಆಗ ಸಾಕ್ಷಿ ತಿರುಗಿಬಿದ್ದನೆಂದು ಅವನನ್ನೇ ದೂರುತ್ತಾರೆ. ಕಿರ್ದಿ ಬರೆಯದೆ ಖಾತೆ ತುಂಬಿದರೆ ಲೆಕ್ಕ ತಾಳೆಯಾಗುತ್ತದೆಯೆ?

ವಿದ್ಯೆಯಿಲ್ಲದ ಕೈಗೆ ಲಾಠಿಯೇ ಉಪಾಯ. ಹೊಡೆದು ಹೇಳಿಸಿದ ಮಾತನ್ನು ಕಾನೂನು ಎಂದೂ ನಂಬಿಲ್ಲ. 1861ರಲ್ಲಿ ಪೋಲೀಸು ಕಾಯಿದೆ ಮಾಡಿದ ಬ್ರಿಟಿಷರೇ, ಪೋಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ಮೇಲೆ ರುಜುವಾತಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಕಾಯಿದೆಯಲ್ಲಿ ಬರೆದರು. ತಾವೇ ಕಟ್ಟಿದ ಪೋಲೀಸರನ್ನು ತಾವೇ ನಂಬಲಿಲ್ಲ! 2024ರ ಜುಲೈ 1ರಿಂದ ಜಾರಿಯಾದ ಹೊಸ ಸಾಕ್ಷ್ಯ ಕಾನೂನಿನಲ್ಲಿಯೂ ಆ ಕಟ್ಟು ಉಳಿದಿದೆ. ನಡುವೆ ಲಾಠಿಯ ಬದಲು ಸೂಜಿ ಹಿಡಿದು, ಮಂಪರು ಔಷಧಿ ಕೊಟ್ಟು ಮಾತಾಡಿಸುವ ಅಡ್ಡದಾರಿ ಬಂತು. ಕರ್ನಾಟಕ ಸರ್ಕಾರವೇ ಪ್ರತಿವಾದಿಯಾಗಿದ್ದ ಸೆಲ್ವಿ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಹಾಗೆ ಮಾಡಕೂಡದೆಂದು ಸುಪ್ರೀಂ ಕೋರ್ಟು 2010ರಲ್ಲಿ ತಡೆಯಿತು.

ಇದರ ಪೆಟ್ಟು ಬೀಳುವುದು ಯಾರಿಗೆ? ಕೊಡಗಿನ ಒಬ್ಬ ಕೂಲಿಕಾರನ ಹೆಂಡತಿ ಕಾಣೆಯಾದಳು. ಎಲ್ಲಿಯೋ ಸಿಕ್ಕಿದ ಎಲುಬುಗಳು ಅವಳವೇ ಎಂದು ಪೋಲೀಸರು ನಿರ್ಧರಿಸಿ, ಗಂಡನ ಮೇಲೆ ಕೊಲೆ ಹೊರಿಸಿ ಜೈಲಿಗೆ ಕಳಿಸಿದರು. ಡಿಎನ್ಎ ಪರೀಕ್ಷೆ ಹೊಂದಿಬರಲಿಲ್ಲ. ಕೇಸು ಮಾತ್ರ ನಡೆಯುತ್ತಲೇ ಇತ್ತು. 2025ರಲ್ಲಿ ಆ ಹೆಂಗಸು ಜೀವಂತವಾಗಿ ಸಿಕ್ಕಿದಳು! ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಅವನು ಜೈಲಿನಲ್ಲಿ ಕಳೆದ ದಿನಗಳನ್ನು ಹಿಂದಕ್ಕೆ ಕೊಡುವವರಾರು? ಹಾಗಾದರೆ ಆ ಎಲುಬುಗಳು ಯಾರವು ಎಂದು ಕೇಳುವವರಾರು? ಸುಳ್ಳು ಪತ್ತೆಯಿಂದ ಒಬ್ಬ ನಿರಪರಾಧಿ ಒಳಗೆ ಹೋದರೆ, ನಿಜವಾದ ಅಪರಾಧಿಯೊಬ್ಬ ಹೊರಗೆ ಉಳಿಯಬಹುದು. ಬಡವನಿಗೆ ಎರಡು ಕಡೆಯಿಂದಲೂ ನಷ್ಟ.

ನಮ್ಮ ಪೋಲೀಸರಿಗೆ ಕೆಲಸ ಬರುವುದೇ ಇಲ್ಲವೆಂದು ನಾವು ಹೇಳುವುದಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ವರ್ಷಗಳು ಕಳೆದರೂ ಕೇಸು ದಡ ಹತ್ತಲಿಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಕೊಲೆಯಾದಾಗ ಒಂದು ವಿಶೇಷ ತಂಡ ಕಟ್ಟಿದರು. ಎರಡೂ ಕಡೆ ಸಿಕ್ಕಿದ ಗುಂಡುಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿ, ಒಂದೇ ಪಿಸ್ತೂಲಿನಿಂದ ಹಾರಿದವೆಂದು ಕಂಡುಕೊಂಡರು. 2019ರಲ್ಲಿ ಸುಪ್ರೀಂ ಕೋರ್ಟು ಕಲಬುರ್ಗಿಯವರ ಕೇಸನ್ನೂ ಅದೇ ತಂಡಕ್ಕೆ ಒಪ್ಪಿಸಿತು. ಅದೇ ವರ್ಷ ಆರೋಪಪಟ್ಟಿ ಸಲ್ಲಿಕೆಯಾಯಿತು. ತಪ್ಪಿತಸ್ಥರು ಯಾರೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಾವು ಗಮನಿಸಬೇಕಾದುದು ಇಷ್ಟೇ: ಇವರು ಪರದೇಶದಿಂದ ಬಂದವರಲ್ಲ, ನಮ್ಮ ರಾಜ್ಯದ ಪೋಲೀಸರೇ. ಒಂದೇ ಕೆಲಸ, ಬೇಕಾದಷ್ಟು ಕಾಲ, ಪಕ್ಕದಲ್ಲಿ ವಿಜ್ಞಾನಿಗಳು—ಇವು ಸಿಕ್ಕಿದಾಗ ಕೈ ಚುರುಕಾಯಿತು. ಹೆಸರಾಂತವರ ಕೊಲೆಗೆ ಸಾಧ್ಯವಾದದ್ದು ಹಮಾಲಿಯ ಕೊಲೆಗೆ ಏಕೆ ಸಾಧ್ಯವಾಗಬಾರದು?

ತಪ್ಪೊಪ್ಪಿಗೆಯ ಹುಚ್ಚು ನಮ್ಮ ದೇಶಕ್ಕೆ ಮಾತ್ರ ಹತ್ತಿದ್ದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1974ರಲ್ಲಿ ಬಾಂಬು ಸಿಡಿದಾಗ ಹಿಡಿದ ಆರು ಜನ ಹದಿನಾರು ವರ್ಷ ಸೆರೆಯಲ್ಲಿದ್ದು, 1991ರಲ್ಲಿ ಬಿಡುಗಡೆಯಾದರು. ಇಂಥ ಅಪಮಾನಗಳಿಂದ ಎಚ್ಚೆತ್ತು ಅಲ್ಲಿ ಪೋಲೀಸರಿಗೆ ಪ್ರಶ್ನೆ ಕೇಳುವ ಕ್ರಮವನ್ನೇ ಹೊಸದಾಗಿ ಕಲಿಸಿದರು: ಮೊದಲೇ ಸಿದ್ಧತೆ ಮಾಡಿಕೊ, ಪೂರ್ತಿ ಹೇಳಲು ಬಿಡು, ಹೇಳಿದ್ದನ್ನು ಬೇರೆ ಸಾಕ್ಷ್ಯದೊಡನೆ ತಾಳೆ ನೋಡು. ಇದಕ್ಕೆ ದೊಡ್ಡ ಯಂತ್ರ ಬೇಡ, ತಾಳ್ಮೆ ಮತ್ತು ತರಬೇತಿ ಬೇಕು.

ನಮ್ಮಲ್ಲಿ ಆಜ್ಞೆಗಳಿಗೆ ಬರಗಾಲವಿಲ್ಲ. ತನಿಖೆಯ ಪೋಲೀಸರನ್ನು ಬಂದೋಬಸ್ತಿನ ಪೋಲೀಸರಿಂದ ಬೇರ್ಪಡಿಸಿರೆಂದು ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ 2006ರ ಸೆಪ್ಟೆಂಬರ್ 22ರಂದೇ ಹೇಳಿತು. ಅದೂ ಹತ್ತು ಲಕ್ಷ ಜನರಿರುವ ಊರುಗಳಿಂದ ಮೊದಲುಮಾಡಿ ಎಂದಿತು. ಜಿಲ್ಲೆಯ ಊರುಗಳ ಸರದಿ ಕೊನೆಗೆ. ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು 2024ರಲ್ಲಿ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ ವಿಧಿಸುತ್ತದೆ. ಅದನ್ನು ನಡೆಸಲು ರಾಜ್ಯಗಳಿಗೆ ಐದು ವರ್ಷದ ಅವಕಾಶವನ್ನೂ ಕೊಟ್ಟಿದೆ. ತಜ್ಞನು ಬರುವತನಕ ಸ್ಥಳ ಕಾಯಬೇಕಾದವನು ಠಾಣೆಯ ಕಾನ್ಸ್‌ಟೇಬಲನೇ ತಾನೆ?

ಆದಕಾರಣ ನಾವು ಸರ್ಕಾರವನ್ನು ಒತ್ತಾಯಿಸುತ್ತೇವೆ. ಪ್ರತಿ ಜಿಲ್ಲೆಯಲ್ಲಿಯೂ ತನಿಖೆಗೆ ಪ್ರತ್ಯೇಕ ಪಡೆ ಇರಲಿ. ಅವರನ್ನು ಬಂದೋಬಸ್ತಿಗೆ ಎಳೆಯುವುದು ನಿಲ್ಲಲಿ. ಕಾನ್ಸ್‌ಟೇಬಲಿನಿಂದ ಇನ್ಸ್‌ಪೆಕ್ಟರಿನವರೆಗೆ ಸ್ಥಳ ಕಾಯುವ, ಸಾಕ್ಷಿಯನ್ನು ಗೌರವದಿಂದ ಕೇಳುವ ಶಿಕ್ಷಣ ವರ್ಷ ವರ್ಷವೂ ನಡೆಯಲಿ. ಹೊಸಬರು ನುರಿತ ತನಿಖಾಧಿಕಾರಿಯ ಕೈಕೆಳಗೆ ಪಳಗಲಿ. ಎಷ್ಟು ಜನರನ್ನು ಹಿಡಿದರೆಂದು ಲೆಕ್ಕ ಹಾಕದೆ, ನ್ಯಾಯಾಲಯದಲ್ಲಿ ಎಷ್ಟು ತನಿಖೆಗಳು ನಿಂತವೆಂದು ನೋಡಿ ಬಡ್ತಿ ಕೊಡಲಿ.

ಓದುಗ ಮಿತ್ರರಿಗೂ ನಮ್ಮದೊಂದು ಮಾತು. ರಕ್ತ ಬಿದ್ದ ಜಾಗಕ್ಕೆ ನುಗ್ಗಬೇಡಿ. ನೋಡದೆ ಮಹಜರಿಗೆ ಸಹಿ ಹಾಕಬೇಡಿ. ನೋಡಿದ್ದರೆ ಹೇಳಲು ಅಂಜಬೇಡಿ. ಮತ್ತು ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು, ಪೋಲೀಸರಿಗೆ ಎಷ್ಟು ಹೊಸ ಜೀಪು ಕೊಟ್ಟಿರೆಂದು ಕೇಳುವ ಮುಂಚೆ, ಎಷ್ಟು ಜನರಿಗೆ ಪತ್ತೆಯ ವಿದ್ಯೆ ಕಲಿಸಿದಿರಿ ಎಂದು ಕೇಳಿರಿ.