ನಾಡದೋಣಿಯವರ ನೀರಿಗೂ ಒಂದು ಯಂತ್ರ ಬೇಕು

ಮೀನು ಎಲ್ಲಿ ಸಿಗಬಹುದು ಎಂದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೊಬೈಲಿಗೆ ಸಂದೇಶ ಕಳಿಸುವುದು ಕರಾವಳಿಯ ಓದುಗರಿಗೆ ಗೊತ್ತು. ಘಟ್ಟದ ಮೇಲಿನವರಿಗೆ ಒಂದು ಮಾತು: ಅಲ್ಲಿ ಯಾರೂ ಮೀನನ್ನು ನೋಡಿರುವುದಿಲ್ಲ, ನೋಡಿರುವುದು ನೀರಿನ ಬಣ್ಣ ಮತ್ತು ಬಿಸಿ. ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಿವೆ. ಗದ್ದೆಯ ಪೈರಿಗೆ ಹಸಿರು ಬಣ್ಣ ಕೊಡುವ ಕ್ಲೋರೊಫಿಲ್ ಅವುಗಳಲ್ಲೂ ಇದೆ. ಅದು ಹೆಚ್ಚಿರುವಲ್ಲಿ ಮೇವು ಹೆಚ್ಚು, ಭೂತಾಯಿಯಂಥ ಮೀನು ಬರುವ ಸಾಧ್ಯತೆಯೂ ಹೆಚ್ಚು. ಇದನ್ನು ಉಪಗ್ರಹ ಮೇಲಿನಿಂದ ಅಳೆಯುತ್ತದೆ.

ತೊಂದರೆ ಇರುವುದು ಮಳೆಗಾಲದಲ್ಲಿ. ಮೋಡ ಮುಚ್ಚಿದರೆ ಉಪಗ್ರಹಕ್ಕೆ ಸಮುದ್ರದ ಬಣ್ಣ ಕಾಣುವುದಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆಯ, ಸಾರವಿರುವ ನೀರು ಮೇಲೆ ಬಂದು ಸಮುದ್ರ ಹಸಿರಾಗುವುದು ಅದೇ ಕಾಲದಲ್ಲಿ. ಪೈರು ಏಳುವ ಹೊತ್ತಿಗೇ ಗದ್ದೆಗೆ ಬೆನ್ನು ಹಾಕಿದ ಹಾಗಾಯಿತು.

ಈ ಕೊರತೆಯನ್ನು ಒಂದಿಷ್ಟು ತುಂಬಿರುವುದು ತಾನಾಗಿ ಮುಳುಗಿ ಏಳುವ ಫ್ಲೋಟ್. ಆರ್ಗೋ ಎಂಬ ಜಾಲದಲ್ಲಿ ಜಗತ್ತಿನಾದ್ಯಂತ ಇಂಥವು ಸುಮಾರು 4000 ಇವೆ. ಅರಬ್ಬಿ ಸಮುದ್ರದಲ್ಲೂ ಇವೆ. ಹೆಚ್ಚಿನವು ಬಿಸಿ ಮತ್ತು ಉಪ್ಪಿನಂಶ ಮಾತ್ರ ಅಳೆಯುತ್ತವೆ, ಕೆಲವಕ್ಕೆ ಹಸಿರು ಅಳೆಯುವ ಸೆನ್ಸರ್ ಇದೆ. ಫ್ಲೋಟ್ 1000 ಮೀಟರ್ ಆಳದಲ್ಲಿ ನೀರು ಒಯ್ದ ಕಡೆ ಹೋಗುತ್ತಿರುತ್ತದೆ. ಸಾಮಾನ್ಯವಾಗಿ 10 ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಅಲ್ಲಿಂದ ಮೇಲೇರುತ್ತಾ ಅಳೆಯುತ್ತದೆ. ಸೆನ್ಸರ್ ನೀಲಿ ಬೆಳಕು ಬಿಟ್ಟಾಗ ಕ್ಲೋರೊಫಿಲ್ ಅದನ್ನು ಹೀರಿ ಮಂದವಾದ ಕೆಂಪು ಬೆಳಕನ್ನು ಹೊರಬಿಡುತ್ತದೆ. ಆ ಕೆಂಪು ಎಷ್ಟಿದೆ ಎಂಬುದರ ಮೇಲೆ ಲೆಕ್ಕ. ಮೇಲೆ ಬಂದು ಅಂಕಿಗಳನ್ನು ಕಳಿಸಿ ಮತ್ತೆ ಮುಳುಗುತ್ತದೆ. ಮೋಡದ ಹಂಗಿಲ್ಲ. ಉಪಗ್ರಹಕ್ಕೆ ಎಟುಕದ 50-60 ಮೀಟರ್ ಆಳದ ಹಸಿರೂ ಇದಕ್ಕೆ ಸಿಗುತ್ತದೆ.

ಹಾಗೆಂದು ಇದು ಹೇಳಿದ್ದೆಲ್ಲ ನಿಜವಲ್ಲ. ಸುಡುಬಿಸಿಲಿನಲ್ಲಿ ಮೇಲ್ಮೈಯ ಸಸ್ಯಗಳು ಕೆಂಪು ಬೆಳಕು ಬಿಡುವುದು ಕಡಿಮೆ, ಹಸಿರು ಇದ್ದರೂ ಕಡಿಮೆ ಎಂದೇ ತೋರುತ್ತದೆ. ಬಹಳ ಬಳಕೆಯಲ್ಲಿರುವ ಸೆನ್ಸರ್‌ಗಳು ಸರಾಸರಿ ಎರಡು ಪಟ್ಟು ಹೆಚ್ಚು ತೋರಿಸುತ್ತವೆ ಎಂದು ವಿಜ್ಞಾನಿಗಳೇ 2017ರಲ್ಲಿ ಪ್ರಕಟಿಸಿದರು. ಈಗ ತಿದ್ದಿ ಕೊಡುತ್ತಾರೆ. ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡು ತಿದ್ದುವ ಈ ರೀತಿ ನಮಗೆ ಹಿಡಿಸಿತು. ಬೆಳೆ ಸಮೀಕ್ಷೆಯವರಿಗೂ ಈ ಬುದ್ಧಿ ಬಂದರೆ ಚೆನ್ನ.

ನಮ್ಮ ತಕರಾರು ಬೇರೆ. 1000 ಮೀಟರ್ ಆಳ ಬೇಕಾದ ಯಂತ್ರಕ್ಕೆ ದಡದ ಹತ್ತಿರ ಕೆಲಸವಿಲ್ಲ. ನಮ್ಮ ಕರಾವಳಿಯಲ್ಲಿ ಹತ್ತಾರು ಕಿಲೋಮೀಟರ್ ಹೋದರೂ ಸಮುದ್ರ 200 ಮೀಟರ್ ಆಳ ಮುಟ್ಟುವುದಿಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ದಡದ ಹತ್ತಿರದ ನೀರಿಗೆ ಇಳಿಯುವವರು ನಾಡದೋಣಿಯವರು. ಜೀವ ಕೈಯಲ್ಲಿ ಹಿಡಿದು ಹೋಗುವ ಅವರಿಗೆ ಮೋಡದಿಂದಾಗಿ ಉಪಗ್ರಹವೂ ಇಲ್ಲ, ಆಳ ಸಾಲದೆ ಫ್ಲೋಟೂ ಇಲ್ಲ.

ದಾರಿ ಇದೆ. ಒಂದೇ ಜಾಗದಲ್ಲಿ ಲಂಗರು ಹಾಕಿ ನಿಲ್ಲಿಸುವ, ಕ್ಲೋರೊಫಿಲ್ ಅಳೆಯುವ ತೇಲುಯಂತ್ರಗಳನ್ನು ಇನ್‌ಕಾಯ್ಸ್ ಕೊಚ್ಚಿ ಮತ್ತು ವಿಶಾಖಪಟ್ಟಣದ ಕಡಲಲ್ಲಿ ಹಾಕಿದೆ. ಮಲ್ಪೆಯ ಎದುರು ಒಂದು, ಕಾರವಾರದ ಎದುರು ಒಂದು ಹಾಕಲಿ. ಮಂತ್ರಿಗಳು ಬಂದಾಗ ಮೀನುಗಾರರ ಸಂಘಗಳು ಕೊಡುವ ಮನವಿಯಲ್ಲಿ ಡೀಸೆಲ್ ಸಬ್ಸಿಡಿ, ಬಂದರಿನ ಹೂಳಿನ ಜೊತೆ ಇದೂ ಒಂದು ಸಾಲು ಇರಲಿ. ಯಂತ್ರ ಬಂದ ಮೇಲೆ ಅದಕ್ಕೆ ಬಲೆ ಸಿಕ್ಕಿಸದೆ, ದೋಣಿ ಕಟ್ಟದೆ ನೋಡಿಕೊಳ್ಳುವ ಹೊಣೆ ನಮ್ಮವರದೇ.

ಅಲ್ಲಿಯವರೆಗೆ, ಆಳಸಮುದ್ರದ ಫ್ಲೋಟ್ ಬಲೆಗೆ ಬಿದ್ದರೆ ಅಥವಾ ದಡಕ್ಕೆ ಬಂದರೆ ಒಡೆಯಬೇಡಿ. ಒಳಗೆ ಬ್ಯಾಟರಿ ಇರುತ್ತದೆ, ಅಪಾಯ. ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ.