ಕಪಾಟಿನ ಬೀಗಕ್ಕೆ ದಾಸೋಹ ಗೊತ್ತಿಲ್ಲ



ಅನ್ನ ಕೂಡಿಟ್ಟು ಹಸಿದವನಿಗೆ ಕೊಡದವನನ್ನು ಜಿಪುಣನೆನ್ನುತ್ತೇವೆ. ಪುಸ್ತಕ ಕೂಡಿಟ್ಟು ಓದುವವನಿಗೆ ಕೊಡದವನಿಗೆ ಮಾತ್ರ ‘ದೊಡ್ಡ ಸಂಗ್ರಾಹಕರು’ ಎಂದು ಶಾಲು ಹೊದಿಸುತ್ತೇವೆ. ಈ ಭೇದ ಎಲ್ಲಿಂದ ಬಂತು?

ನಮ್ಮ ಅನೇಕ ಮನೆಗಳ ಪಡಸಾಲೆಯಲ್ಲಿ ಗಾಜಿನ ಕಪಾಟಿದೆ. ಅದರಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳು ಸಾಲಾಗಿ ನಿಂತಿವೆ. ಪಕ್ಕದಲ್ಲಿ ಮಲ್ಲಿಕಾರ್ಜುನ ಮನಸೂರರ, ಬಸವರಾಜ ರಾಜಗುರುಗಳ ವಚನಗಾಯನದ ಕ್ಯಾಸೆಟ್ಟುಗಳು. ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ವರ್ಷವಾಯಿತು. ಬೀಗದ ಕೈ ಯಜಮಾನರ ಕಿಸೆಯಲ್ಲಿ. ಓಣಿಯ ಹುಡುಗಿಯೊಬ್ಬಳು ಓದಲು ಕೇಳಿದರೆ, “ಕೊಟ್ಟದ್ದು ತಿರುಗಿ ಬರೂದಿಲ್ಲವ್ವಾ” ಎಂಬ ಉತ್ತರ. ನಾನು ಕೇಳುತ್ತೇನೆ: ದಾಸೋಹದಲ್ಲಿ ನೀಡಿದ ಪ್ರಸಾದವನ್ನು ಯಾರಾದರೂ ತಿರುಗಿ ಕೇಳುತ್ತಾರೆಯೇ?

ಫ.ಗು. ಹಳಕಟ್ಟಿಯವರೂ ಸಂಗ್ರಹಿಸಿದರು. ಜಗಲಿಯ ಮೇಲೆ ಬಟ್ಟೆ ಸುತ್ತಿಕೊಂಡು ಪೂಜೆಗೊಳ್ಳುತ್ತಿದ್ದ, ಆದರೆ ಯಾರೂ ಓದದಿದ್ದ ತಾಡೋಲೆಗಳನ್ನು ಊರೂರು ಅಲೆದು ಕೂಡಿಸಿದರು. ಕೂಡಿಸಿದ್ದು ಹಂಚಲಿಕ್ಕೆ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅವರು ಜಗಲಿಯಿಂದ ಇಳಿಸಿದ್ದನ್ನು ನಾವು ಮತ್ತೆ ಕಪಾಟಿಗೆ ಏರಿಸಿದ್ದೇವೆ.

“ನಮ್ಮ ನಂತರ ಮಕ್ಕಳು ನೋಡಿಕೊಳ್ಳುತ್ತಾರೆ” ಎನ್ನುವವರಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಶಿವಗಣಾರಾಧನೆ ಮುಗಿದ ವಾರದೊಳಗೆ ರದ್ದಿಯವನ ತಕ್ಕಡಿ ಬಾಗಿಲಿಗೆ ಬರುತ್ತದೆ. ವಚನ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. “ಈಗ ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ” ಎಂಬುದು ಇನ್ನೊಂದು ಮಾತು. ಹಾಗಿದ್ದರೆ ಬೀಗ ಯಾತಕ್ಕೆ?

ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಅಲ್ಲೇ ಸುರಿದು ಬರಲು ಹೇಳಿದ ತಾಯಿ ಲಕ್ಕಮ್ಮ. ಆ ಮಾತು ಅಕ್ಕಿಗಷ್ಟೇ ಅಲ್ಲ.

ನನ್ನ ನೇಮ ಇಷ್ಟೇ: ಎರಡು ವರ್ಷ ಕೈ ಮುಟ್ಟದ ಪುಸ್ತಕ ನನ್ನದಲ್ಲ. ಪ್ರತಿ ಶ್ರಾವಣದಲ್ಲಿ ಅವನ್ನು ಆರಿಸಿ ಪ್ರಸಾದ ನಿಲಯದ ಮಕ್ಕಳಿಗೋ ಊರಿನ ಗ್ರಂಥಾಲಯಕ್ಕೋ ಕೊಡುತ್ತೇನೆ. ಹರಿದದ್ದನ್ನು ಕೊಟ್ಟು ಚೆನ್ನಾದದ್ದನ್ನು ಉಳಿಸಿಕೊಳ್ಳುವುದು ದಾಸೋಹವಲ್ಲ, ಕಸ ವಿಲೇವಾರಿ. ತಾಡೋಲೆ, ಕೈಬರಹದ ಪ್ರತಿ ಇದ್ದವರು ಹಂಪಿಯ ಕನ್ನಡ ವಿಶ್ವವಿದ್ಯಾಲಯದಂಥ ಹಸ್ತಪ್ರತಿ ಬಲ್ಲವರ ಕೈಗೆ ಒಪ್ಪಿಸಲಿ. ಹಿರಿಯರ ಭಜನೆ, ಪ್ರವಚನದ ಕ್ಯಾಸೆಟ್ಟಿದ್ದರೆ ಬೂಷ್ಟು ಹಿಡಿಯುವ ಮೊದಲು ಕಂಪ್ಯೂಟರಿಗೆ ಇಳಿಸಿ ನಾಲ್ಕು ಜನರಿಗೆ ಕೇಳಿಸಲಿ.

ಮಠಗಳಿಗೂ ಒಂದು ಬಿನ್ನಹ. ಭಕ್ತರು ಕೊಟ್ಟ ಪುಸ್ತಕ ಮಠದ ಕೋಣೆಯಲ್ಲಿ ಕಟ್ಟು ಬಿಚ್ಚದೆ ಬಿದ್ದರೆ, ಕಪಾಟು ಬದಲಾಯಿತೇ ಹೊರತು ಬೀಗ ತೆಗೆಯಲಿಲ್ಲ. ದಾನಿಯ ಹೆಸರಿನ ಫಲಕಕ್ಕಿಂತ ಓದುವವರು ಕೂರಲು ಒಂದು ಬೆಂಚು ಹಾಕಿಸಿ.

ದೇವರನ್ನು ಗುಡಿಯಿಂದ ಬಿಡಿಸಿ ಅಂಗೈಗೆ ಕೊಟ್ಟವರು ನಮ್ಮ ಶರಣರು. ಅವರ ಮಾತಿಗೇ ನಾವು ಬೀಗ ಹಾಕುವುದು ಬೇಡ.