ಗಂಧರ್ವಲೋಕದಲ್ಲೂ ವಧು ಪರೀಕ್ಷೆಯೇ?

ಕತೆ ಹೆಚ್ಚುಕಡಿಮೆ ಒಂದೇ. ಸಾವಿಲ್ಲದ ಮಾಯಾವಿ ಕುಲದ ರಾಜಕುಮಾರನಿಗೆ ಮದುವೆ ಮಾಡಬೇಕು. ರಾಜ್ಯದ ಮೂಲೆಮೂಲೆಯಿಂದ ಕನ್ಯೆಯರನ್ನು ಕರೆಸಿ ಒಂದರ ಮೇಲೊಂದು ಪರೀಕ್ಷೆ ಒಡ್ಡುತ್ತಾರೆ. ಅವರ ನಡುವೆ ಮನುಷ್ಯಕುಲದ ಬಡ ಹುಡುಗಿಯೊಬ್ಬಳು ಹೇಗೋ ಬಂದು ಸೇರಿಕೊಂಡಿರುತ್ತಾಳೆ. ಕಿರೀಟದ ಆಸೆ ಇಲ್ಲದವಳು ಅವಳೊಬ್ಬಳೇ, ಗೆಲ್ಲುವವಳೂ ಅವಳೇ. ಇಂಗ್ಲಿಷಿನಲ್ಲಿ ‘ರೊಮ್ಯಾಂಟಸಿ’ ಎನ್ನಿಸಿಕೊಂಡಿರುವ ಈ ಬಗೆಯ ಕಾದಂಬರಿಗಳ ಮಾರುಕಟ್ಟೆ ಸಣ್ಣದಲ್ಲ. 2012ರಲ್ಲಿ ಬಂದ ಕೀರಾ ಕಾಸ್ ಅವರ ‘ದಿ ಸೆಲೆಕ್ಷನ್’ನಲ್ಲಿ ಒಬ್ಬ ರಾಜಕುಮಾರನಿಗಾಗಿ 35 ಹುಡುಗಿಯರು ಸೆಣಸುತ್ತಾರೆ. 2015ರಲ್ಲಿ ಸಾರಾ ಜೆ. ಮಾಸ್ ಮಾಯಾಲೋಕದ ಅರಮನೆಗಳ ಸರಣಿ ಆರಂಭಿಸಿದರು. ಇದೇ ಪ್ರಕಾರದ, ಡ್ರ್ಯಾಗನ್ ಸವಾರರ ಕತೆ ಹೇಳುವ ರೆಬೆಕಾ ಯಾರೋಸ್ ಅವರ ಪುಸ್ತಕವೊಂದು 2025ರ ಜನವರಿಯಲ್ಲಿ ಬಿಡುಗಡೆಯಾದ ಮೊದಲ ವಾರವೇ 27 ಲಕ್ಷ ಪ್ರತಿ ಖರ್ಚಾಯಿತು.

ಯಲಹಂಕದ ಪುಟ್ಟೇನಹಳ್ಳಿಯ ಕಾಲೇಜು ಹುಡುಗಿಯ ಬ್ಯಾಗಿನಲ್ಲಿ ಇಂಥ ದಪ್ಪ ಪುಸ್ತಕ ಕಂಡರೆ ಮನೆಯ ಹಿರಿಯರಿಗೆ ಅದು ಎಲ್ಲಿಂದಲೋ ಬಂದ ಹುಚ್ಚು. ನನ್ನ ತಕರಾರು ಇಲ್ಲೇ. ರಾಜಮನೆತನಕ್ಕೆ ಹೆಣ್ಣನ್ನು ಆರಿಸುವ ಕತೆ ಈ ನೆಲಕ್ಕೆ ಹೊಸದಲ್ಲ. ಸ್ಪರ್ಧಿಯ ಒಳಗೆ ಕೂತು ಅದನ್ನು ಹೇಳುವುದಷ್ಟೇ ಹೊಸತು.

ಯಲಹಂಕ ನಾಡಪ್ರಭುಗಳ ಮನೆಯ ಹೆಣ್ಣುಮಕ್ಕಳಲ್ಲಿ ಜನರ ನೆನಪಿನಲ್ಲಿ ಉಳಿದವರು ಯಾರು? ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ. ಕಟ್ಟಿದ ಕೋಟೆಬಾಗಿಲು ನಿಲ್ಲದೆ ಬೀಳುತ್ತಿತ್ತು, ತುಂಬು ಬಸುರಿಯಾಗಿದ್ದ ಆಕೆ ರಾತ್ರಿ ಒಬ್ಬಳೇ ಹೋಗಿ ಪ್ರಾಣ ಕೊಟ್ಟಳು, ಬಾಗಿಲು ನಿಂತಿತು ಎಂದು ಐತಿಹ್ಯ. ಕೋರಮಂಗಲದಲ್ಲಿ ಆಕೆಯ ಸಮಾಧಿಯಿದೆ. ಉತ್ತರ ಕರ್ನಾಟಕದ ‘ಕೆರೆಗೆ ಹಾರ’ ಲಾವಣಿಯಲ್ಲಂತೂ ಆಯ್ಕೆ ಕಣ್ಣೆದುರೇ ನಡೆಯುತ್ತದೆ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ, ಸೊಸೆಯನ್ನು ಹಾರ ಕೊಡಬೇಕೆಂಬ ಮಾತು ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆ ನಡೆಸುವವರು ಯಾರು ಎಂಬ ಲೆಕ್ಕ ಹಾಕಿ ಕಿರಿಸೊಸೆ ಭಾಗೀರಥಿಯನ್ನು ಆರಿಸುತ್ತಾರೆ. ಆ ಲೆಕ್ಕ ನಡೆಯುವಾಗ ಅವಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ದಂಡಿನಿಂದ ಮರಳಿದ ಗಂಡ ಅದೇ ಕೆರೆಗೆ ಹಾರುತ್ತಾನೆ. ಮನುಷ್ಯಲೋಕದ ಆಚೆಯ ಶಕ್ತಿ, ಹೆಣ್ಣಿನ ಆಯ್ಕೆ, ಪ್ರೀತಿ ಮೂರೂ ಈ ಹಾಡಿನಲ್ಲಿವೆ. ಹುಡುಗಿ ಬದುಕಿ ಉಳಿಯುವ ದಾರಿಯೊಂದೇ ಇಲ್ಲ.

ಸ್ವಯಂವರ ಇತ್ತಲ್ಲ ಎನ್ನಬಹುದು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನನ್ನು ಶಿಲಾಹಾರರ ರಾಜಕುಮಾರಿ ಚಂದಲದೇವಿ ಕರಹಾಟದ ಸ್ವಯಂವರದಲ್ಲಿ ವರಿಸಿದಳೆಂದು ಬಿಲ್ಹಣನ ‘ವಿಕ್ರಮಾಂಕದೇವಚರಿತ’ ವರ್ಣಿಸುತ್ತದೆ. ಬಿಲ್ಹಣ ಯಾರ ಆಸ್ಥಾನದಲ್ಲಿದ್ದ? ಗೆದ್ದವನದ್ದರಲ್ಲೇ. ಮಾಲೆ ಅವಳ ಕೈಯಲ್ಲಿತ್ತು, ಅದರ ವರ್ಣನೆ ಬರೆದವನಿಗೆ ಸಂಬಳ ಕೊಟ್ಟವನು ವರ. ರಾಜಕುಮಾರನೇ ಆರಿಸುವ ಪದ್ಧತಿಯೂ ಬೇರೆಡೆ ಇತ್ತು. ಬೈಜಾಂಟಿಯಂನಲ್ಲಿ 788ರಲ್ಲಿ ಆರನೇ ಕಾನ್ಸ್ಟಂಟೈನನಿಗೆ ಹೆಣ್ಣು ಹುಡುಕಲು ಹೊರಟ ದೂತರು ಎತ್ತರದ ಅಳತೆ, ಪಾದದ ಅಳತೆ ಹಿಡಿದು ಊರೂರು ಸುತ್ತಿದರೆಂದು ಸಂತ ಫಿಲಾರೆಟೋಸನ ಚರಿತ್ರೆ ಹೇಳುತ್ತದೆ. ಅದನ್ನು ನಂಬದ ಇತಿಹಾಸಕಾರರಿದ್ದಾರೆ. ಆದರೆ ನಡೆಸಿ ನೋಡಿ, ಹಾಡಿಸಿ ನೋಡಿ, ಜಡೆ ಮುಟ್ಟಿ ನೋಡಿ ಉಪ್ಪಿಟ್ಟು ತಿಂದು ಎದ್ದುಹೋಗುತ್ತಿದ್ದವರನ್ನು ಕಂಡ ನಮ್ಮ ಅಜ್ಜಿಯಂದಿರಿಗೆ ಇದರಲ್ಲಿ ನಂಬಲಾಗದ್ದು ಏನೂ ಇರಲಾರದು.

ಈಗ ಲೆಕ್ಕ ತಿರುಗಿದೆ ಎನ್ನುವುದೂ ನಿಜ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ನಡೆದ ವಧು–ವರರ ಸಮಾವೇಶಕ್ಕೆ ಬಂದ ಗಂಡುಮಕ್ಕಳು ಹತ್ತು ಸಾವಿರಕ್ಕೂ ಹೆಚ್ಚು, ಹೆಣ್ಣುಮಕ್ಕಳು ಸುಮಾರು ಇನ್ನೂರೈವತ್ತು ಎಂದು ವರದಿಯಾಯಿತು. ಮರುವರ್ಷ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹಾಗೆಂದು ಹೆಣ್ಣು ಮಾಲೆ ಹಿಡಿದು ಸಭೆಯ ನಡುವೆ ನಿಂತಿದ್ದಾಳೆಯೇ? ಬಣ್ಣ, ಎತ್ತರ, ಕೆಲಸ, ಅಡುಗೆ, ಗೋತ್ರ ಎಂಬ ಪಟ್ಟಿ ಆಕೆಯ ಫೋಟೊದ ಜತೆ ಇನ್ನೂ ಓಡಾಡುತ್ತಲೇ ಇದೆ. ಸಂಖ್ಯೆ ಬದಲಾದರೂ ಪರೀಕ್ಷೆ ರದ್ದಾಗಿಲ್ಲ. ಹೀಗಿರುವಾಗ ಪರೀಕ್ಷಕರನ್ನೇ ತಿರುಗಿ ದಿಟ್ಟಿಸುವ, ನಿಯಮ ಮುರಿದೂ ಗೆಲ್ಲುವ ನಾಯಕಿ ಓದುಗಿಯರಿಗೆ ಹಿಡಿಸಿದರೆ ಆಶ್ಚರ್ಯವೇನಿದೆ? ವರ ಮನುಷ್ಯನಲ್ಲದಿರುವುದೂ ಅನುಕೂಲವೇ. ಅವನಿಗೆ ಜಾತಿಯಿಲ್ಲ, ಜಾತಕವಿಲ್ಲ, ವರದಕ್ಷಿಣೆ ಎಣಿಸುವ ಚಿಕ್ಕಪ್ಪನಿಲ್ಲ. ಹಿರಿಯರ ಒಪ್ಪಿಗೆಗೆ ಕಾಯದ ಮದುವೆಯನ್ನು ನಮ್ಮ ಶಾಸ್ತ್ರಕಾರರೂ ಮನುಷ್ಯರ ತಲೆಗೆ ಕಟ್ಟದೆ ಗಂಧರ್ವರ ಹೆಸರಿಗೆ ಬರೆದಿಟ್ಟರು.

ಇಷ್ಟು ವಕಾಲತ್ತು ವಹಿಸಿದ ಮೇಲೂ ಈ ಕಾದಂಬರಿಗಳ ಧೈರ್ಯ ನನಗೆ ಸಾಲದು. ಹತ್ತೊಂಬತ್ತರ ಹುಡುಗಿಗೆ ಐನೂರು ವರ್ಷದ ನಾಯಕ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸ್ಪರ್ಧೆಯನ್ನು ಹೀನಾಯವೆಂದು ಜರಿಯುತ್ತಲೇ ಅದರ ಬಹುಮಾನವನ್ನು ನಾಯಕಿಯ ಕೈಗೆ ಕೊಟ್ಟು ಮುಗಿಸುತ್ತಾರೆ. ಸೋತ ಉಳಿದ ಹುಡುಗಿಯರು ನೆಪಮಾತ್ರ: ಒಬ್ಬಳು ಹೊಟ್ಟೆಕಿಚ್ಚಿನವಳು, ಒಬ್ಬಳು ಗೆಳತಿ, ಒಬ್ಬಳು ಸಾಯಲೆಂದೇ ಬಂದವಳು.

ನಮ್ಮಲ್ಲಿ ತ್ರಿವೇಣಿ ‘ಬೆಳ್ಳಿಮೋಡ’ ಬರೆದರು, 1967ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ಒಬ್ಬಳೇ ಮಗಳೆಂದು, ಆಸ್ತಿಗಾಗಿ ಇಂದಿರೆಯನ್ನು ಒಪ್ಪಿದ ಮೋಹನ, ಆಕೆಗೆ ತಮ್ಮ ಹುಟ್ಟಿದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಅಪಘಾತದಲ್ಲಿ ಬಿದ್ದವನಿಗೆ ಆರೈಕೆ ಮಾಡುವವಳೂ ಅವಳೇ. ಮನಸ್ಸು ಬದಲಾಗಿ ಅವನು ಕೈಚಾಚಿದಾಗ ಆಕೆ ಒಲ್ಲೆ ಎನ್ನುತ್ತಾಳೆ. ಮಾಯಾದಂಡವಿಲ್ಲ, ರೆಕ್ಕೆಯಿಲ್ಲ, ಪಾರಾಗಲು ಬೇರೆ ಲೋಕವೂ ಇಲ್ಲ. ಆದರೂ ಆ ನಿರಾಕರಣೆ ಸಾಧ್ಯವಾಯಿತು. ವಾರಪತ್ರಿಕೆಯ ಧಾರಾವಾಹಿ, ಬಾಡಿಗೆ ಲೈಬ್ರರಿಗಳ ಕಾಲದಲ್ಲಿ ಇಂಥ ಬರಹವನ್ನು ‘ಹೆಂಗಸರ ಕಾದಂಬರಿ’ ಎಂದು ಬದಿಗಿಟ್ಟವರು ಇವತ್ತು ರೊಮ್ಯಾಂಟಸಿಯನ್ನೂ ಅದೇ ದನಿಯಲ್ಲಿ ಬದಿಗಿಡುತ್ತಿದ್ದಾರೆ.

ಕನ್ನಡದ ಪ್ರಕಾಶಕರು ಈ ಓದುಗಿಯರನ್ನು ಇಂಗ್ಲಿಷಿಗೆ ಬಿಟ್ಟುಕೊಟ್ಟು ಸುಮ್ಮನಿರಬೇಕಿಲ್ಲ. ಐರೋಪ್ಯ ಅರಮನೆಯನ್ನು ಎರವಲು ತರುವ ಅಗತ್ಯವೂ ಇಲ್ಲ. ಪುಟ್ಟೇನಹಳ್ಳಿಯ ಹುಡುಗಿಗೆ ಕೆರೆ ಗೊತ್ತು. ಅವಳೂರಿನದು 2015ರಿಂದ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. ಯಾರಾದರೂ ಭಾಗೀರಥಿ ಮುಳುಗಿದಲ್ಲಿಂದಲೇ ಕತೆ ಶುರುಮಾಡಲಿ. ನೀರಿನ ತಳದ ಅರಮನೆಯಲ್ಲಿ ಹಿಂದೆ ಹಾರವಾದ ಸೊಸೆಯಂದಿರೆಲ್ಲ ಕೂತಿರಲಿ, ಮಲ್ಲನಗೌಡನನ್ನು ಅಲ್ಲಿಗೆ ಕರೆಸಿ ಅವನಿಗೇ ಪರೀಕ್ಷೆ ಒಡ್ಡಲಿ.